ಎಣಿಸಿ ಆರಿಸುವ ಬಗೆ

ಒಂದು ಗ್ರಂಥಾಲಯದಲ್ಲಿ ಎರಡು ಪಟ್ಟಿಗಳಿವೆಯೆಂದು ಭಾವಿಸೋಣ. ಒಂದರಲ್ಲಿ ಪುಸ್ತಕಗಳ ಹೆಸರುಗಳು. ಇನ್ನೊಂದರಲ್ಲಿ ಯಾವ ಪುಸ್ತಕ ಯಾವ ದಿನ ಎರವಲು ಹೋಯಿತೆಂಬ ವಿವರ. ಐದಕ್ಕಿಂತ ಹೆಚ್ಚು ಬಾರಿ ಎರವಲು ಹೋದ ಪುಸ್ತಕಕ್ಕೆ ಇನ್ನೊಂದು ಪ್ರತಿ ಕೊಳ್ಳಬೇಕು. ಒಮ್ಮೆಯೂ ಹೋಗದುದನ್ನು ಕಪಾಟಿನಿಂದ ತೆಗೆಯಬೇಕು. ಆದರೆ ಈ ಸಂಖ್ಯೆ ಯಾವ ಪಟ್ಟಿಯಲ್ಲಿಯೂ ಬರೆದಿಲ್ಲ. ಅದನ್ನು ಎಣಿಸಿಯೇ ತಿಳಿಯಬೇಕು.

ಮಾಹಿತಿಯನ್ನು ಹೀಗೆ ಪರಸ್ಪರ ಸಂಬಂಧವುಳ್ಳ ಪಟ್ಟಿಗಳಲ್ಲಿ ಇಡುವ ಕ್ರಮವನ್ನು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಅವರು 1970ರಲ್ಲಿ ಮಂಡಿಸಿದರು. ಆ ಪಟ್ಟಿಗಳನ್ನು ಪ್ರಶ್ನಿಸುವ ಭಾಷೆಯೇ ಎಸ್‌ಕ್ಯೂಎಲ್. ಜಾಲತಾಣಗಳನ್ನು ರಚಿಸಲು ನೆರವಾಗುವ, 2005ರಲ್ಲಿ ಪ್ರಕಟವಾದ ಜ್ಯಾಂಗೊ ಎಂಬ ಚೌಕಟ್ಟು ನಮ್ಮ ಪ್ರಶ್ನೆಯನ್ನು ಈ ಭಾಷೆಗೆ ಪರಿವರ್ತಿಸಿ ಕೊಡುತ್ತದೆ.

ಕಂಪ್ಯೂಟರು ಮೊದಲು ಎರಡು ಪಟ್ಟಿಗಳನ್ನೂ ಜೋಡಿಸುತ್ತದೆ. ಮೂರು ಬಾರಿ ಹೋದ ಪುಸ್ತಕಕ್ಕೆ ಮೂರು ಸಾಲುಗಳಾಗುತ್ತವೆ. ಅನಂತರ ಒಂದೊಂದು ಪುಸ್ತಕದ ಸಾಲುಗಳನ್ನು ಒಂದೊಂದು ಗುಂಪಾಗಿಸಿ ಎಣಿಸುತ್ತದೆ. ಬಿಡಿ ಸಾಲುಗಳನ್ನು ಆರಿಸುವ ಪದ 'ವೇರ್'; ಎಣಿಕೆಯಾದ ಮೇಲೆ ಗುಂಪುಗಳನ್ನು ಆರಿಸುವ ಪದ 'ಹ್ಯಾವಿಂಗ್'. ಎಣಿಕೆಯೇ ಮುಗಿಯದೆ ಎಣಿಕೆಯ ಮೇಲೆ ಆರಿಸುವುದು ಹೇಗೆ? ಆದುದರಿಂದಲೇ ಎರಡು ಬೇರೆ ಪದಗಳು ಬೇಕಾದುವು.

ಇಲ್ಲಿ ಎರಡು ಅಪಾಯಗಳುಂಟು. ಮೊದಲನೆಯದು ಸೊನ್ನೆಯದು. ಎರಡು ಪಟ್ಟಿಗಳಲ್ಲಿಯೂ ಇರುವುದನ್ನು ಮಾತ್ರ ಉಳಿಸುವ ಜೋಡಣೆಯಲ್ಲಿ, ಎಂದೂ ಎರವಲು ಹೋಗದ ಪುಸ್ತಕಕ್ಕೆ ಸಾಲೇ ಇರುವುದಿಲ್ಲ. ಸಾಲಿಲ್ಲದುದರ ಎಣಿಕೆ ಸೊನ್ನೆಯೆಂದು ಸಹ ಕಾಣಿಸದು. ಪುಸ್ತಕಗಳೆಲ್ಲವನ್ನೂ ಉಳಿಸಿಕೊಂಡು, ಎರವಲಿಲ್ಲದೆಡೆ ಬರಿದಾದ ಸ್ಥಳವನ್ನು ಬಿಡುವ 'ಎಡ ಹೊರಜೋಡಣೆ'ಯೇ ಇದಕ್ಕೆ ಪರಿಹಾರ. ಆಗಲೂ ಸಾಲುಗಳನ್ನು ಎಣಿಸದೆ ಎರವಲುಗಳನ್ನು ಎಣಿಸಬೇಕು. ಇಲ್ಲವಾದರೆ ಬರಿದಾದ ಸಾಲೂ ಒಂದೆಂದು ಎಣಿಕೆಗೆ ಸೇರುತ್ತದೆ.

ಎರಡನೆಯದು ಗುಣಾಕಾರದ ಅಪಾಯ. ಪುಸ್ತಕವನ್ನು ಕಾದಿರಿಸಿದವರ ಮೂರನೆಯ ಪಟ್ಟಿಯನ್ನೂ ಕೂಡಿಸೋಣ. ಮೂರು ಎರವಲು, ಎರಡು ಕಾದಿರಿಕೆ ಇರುವ ಪುಸ್ತಕದಲ್ಲಿ ಪ್ರತಿಯೊಂದು ಎರವಲೂ ಪ್ರತಿಯೊಂದು ಕಾದಿರಿಕೆಯೊಡನೆ ಜೋಡಿಯಾಗಿ 3 × 2 = 6 ಸಾಲುಗಳಾಗುತ್ತವೆ. ಎರಡು ಎಣಿಕೆಗಳೂ ಆರು ಎಂದೇ ಬರುತ್ತವೆ! ಮೂರು ಬಾರಿ ಮಾತ್ರ ಹೋದ ಪುಸ್ತಕಕ್ಕೆ ಗ್ರಂಥಾಲಯವು ವ್ಯರ್ಥವಾಗಿ ಹಣ ತೆರುತ್ತದೆ. ಒಂದೇ ಎರವಲನ್ನು ಮತ್ತೆ ಎಣಿಸಬಾರದೆಂದು 'ಡಿಸ್ಟಿಂಕ್ಟ್' ಪದದಿಂದ ಸೂಚಿಸಿದರೆ ಮೂರು ಮೂರಾಗಿಯೇ, ಎರಡು ಎರಡಾಗಿಯೇ ಉಳಿಯುತ್ತವೆ.

ಈ ಎರಡು ಸಂದರ್ಭಗಳಲ್ಲಿಯೂ ಯಂತ್ರವು ದೋಷವನ್ನು ಸೂಚಿಸುವುದಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿರುತ್ತದೆ. ಆದುದರಿಂದ ಸೊನ್ನೆ, ಒಂದು, ಮೂರು ಎರವಲುಗಳುಳ್ಳ ಮೂರೇ ಪುಸ್ತಕಗಳ ಪಟ್ಟಿಯನ್ನು ಮಾಡಿ, ಕೈಯಿಂದ ಎಣಿಸಿ, ಯಂತ್ರದ ಉತ್ತರದೊಡನೆ ಹೋಲಿಸಿ ನೋಡುವುದು ವಿದ್ಯಾರ್ಥಿಗೆ ಒಳ್ಳೆಯ ಅಭ್ಯಾಸ.