ಟ್ರಂಕಿನೊಳಗಿನ ರಾಜ-ರಾಣಿ: ತಕ್ಕಡಿಗೆ ಹಾಕುವ ಮುನ್ನ ಸ್ವಲ್ಪ ತಡೀರಿ!

ಅಜ್ಜಿ ಕಾಲದ ಮನೆ ಖಾಲಿ ಮಾಡುವ ದಿನ ನಡೆಯುವ ವ್ಯಾಪಾರ ಹಳೇ ಮೈಸೂರು ಸೀಮೆಯಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಥರ. ಬಾಗಿಲಿಗೆ ತಕ್ಕಡಿಯವನು ಬರುತ್ತಾನೆ. ತಾಮ್ರದ ಹಂಡೆ ತೂಕಕ್ಕೆ ಹೋಗುತ್ತದೆ, ಹಿತ್ತಾಳೆ ಕೊಳಗ ತೂಕಕ್ಕೆ ಹೋಗುತ್ತದೆ, ಹಳೇ ಪೇಪರು ತೂಕಕ್ಕೆ ಹೋಗುತ್ತದೆ. ಕಟ್ಟಕಡೆಗೆ ಅಟ್ಟದಿಂದ ಒಂದು ಟ್ರಂಕು ಇಳಿಯುತ್ತದೆ. ಒಳಗೆ ಮಾಸಿದ ಪಂಚೆಯಲ್ಲಿ ಸುತ್ತಿಟ್ಟ ಎರಡು ಮರದ ಗೊಂಬೆ. ಒಂದು ಗಂಡು, ಒಂದು ಹೆಣ್ಣು. ಮೂಗು ಸವೆದಿದೆ, ಬಣ್ಣ ಕಪ್ಪಿಟ್ಟಿದೆ.

"ಇದಕ್ಕೇನು ಕೊಡ್ತೀಯಪ್ಪಾ?"

"ಇದರಲ್ಲೇನಿದೆ ಸ್ವಾಮೀ, ಸೌದೆ. ಹಂಡೆ ಜೊತೆಗೆ ಹಾಕಿಬಿಡಿ."

ಹಾಕಿಬಿಡುತ್ತಾರೆ! ಮೂರು ತಲೆಮಾರು ಮನೆಯ ಮೆಟ್ಟಿಲ ತುದಿಯಲ್ಲಿ ಕೂತು ಆರತಿ ಎತ್ತಿಸಿಕೊಂಡ ರಾಜ-ರಾಣಿ ಹಂಡೆಯ ಜೊತೆಗೆ ಪುಗಸಟ್ಟೆ ಹೊರಟುಹೋಗುತ್ತಾರೆ. ಅದೇ ಜೋಡಿ ಆಮೇಲೆ ಹಳೇ ಸಾಮಾನಿನ ಅಂಗಡಿಯ ಗಾಜಿನ ಬೀರುವಿನಲ್ಲಿ ಕಾಣಿಸಿಕೊಂಡಾಗ, ಮಾರಿದವರೇ ಅದನ್ನು ವಾಪಸು ಕೊಳ್ಳಲು ಜೇಬು ತಡಕಬೇಕಾಗುತ್ತದೆ.

ಇವೇ ಪಟ್ಟದ ಗೊಂಬೆಗಳು. ಒಂದು ಕಾಲಕ್ಕೆ ಹೆಣ್ಣುಮಕ್ಕಳ ಕೈಯಲ್ಲಿ ಸದಾ ಆಡುತ್ತಿದ್ದವು. ಇವತ್ತು ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ.

ಅರಮನೆಯಲ್ಲೊಂದು ದರ್ಬಾರು, ಮನೆಯಲ್ಲೊಂದು ದರ್ಬಾರು

ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ್ದು 1610ರಲ್ಲಿ. ಒಂಬತ್ತು ದಿನ ಅರಸರು ಸಿಂಹಾಸನವೇರಿ ದರ್ಬಾರು ನಡೆಸುವುದು ಅರಮನೆಯ ಪದ್ಧತಿಯಾಯಿತು. ಪ್ರಜೆಗಳ ಮನೆಯಲ್ಲಿ ಆ ದರ್ಬಾರನ್ನು ನಡೆಸಿದ್ದು ಗೊಂಬೆಗಳು. ಬೆಸಸಂಖ್ಯೆಯ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಎಲ್ಲಕ್ಕಿಂತ ಮೇಲೆ ಈ ರಾಜ-ರಾಣಿಯನ್ನು ಕೂರಿಸುತ್ತಿದ್ದರು. ಅವರಿಗೇ ಪಟ್ಟ. ಅದಕ್ಕೇ ಪಟ್ಟದ ಗೊಂಬೆ ಎಂಬ ಹೆಸರು. ಕೆಳಗಿನ ಮೆಟ್ಟಿಲುಗಳಲ್ಲಿ ದೇವರು, ಸೈನಿಕರು, ವಾದ್ಯದವರು. ಇನ್ನೂ ಕೆಳಗೆ ಅಕ್ಕಿ ಬೇಳೆ ಅಂಗಡಿಯ ಶೆಟ್ಟರು ಮತ್ತು ಶೆಟ್ಟಮ್ಮ. ವ್ಯಾಪಾರಸ್ಥರಿಗೂ ದರ್ಬಾರಿನಲ್ಲಿ ಜಾಗವಿತ್ತು ಎನ್ನುವುದು ಅಂಗಡಿಯವರಿಗೆ ಸಂತೋಷದ ಸಂಗತಿ!

ಸಂಜೆಯಾದರೆ ಬೀದಿಯ ಮಕ್ಕಳೆಲ್ಲ "ಗೊಂಬೆ ಕೂರಿಸಿದ್ದೀರಾ?" ಅಂತ ಮನೆಮನೆ ಹೊಕ್ಕು ಬರುತ್ತಿದ್ದರು. ಬಂದ ಮಕ್ಕಳಿಗೆ ಬೊಂಬೆ ಬಾಗಿನ. ಒಂದು ಮನೆಯಲ್ಲಿ ಚಕ್ಕುಲಿ, ಇನ್ನೊಂದು ಮನೆಯಲ್ಲಿ ಕೊಬ್ಬರಿ ಮಿಠಾಯಿ. ಯಾವ ಮನೆಯ ಬಾಗಿನ ಚೆನ್ನ ಎಂಬ ಲೆಕ್ಕ ಮಕ್ಕಳ ಬಾಯಲ್ಲೇ ಇರುತ್ತಿತ್ತು.

1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯಾಗಿ ದೇಶದ ಅರಸರ ರಾಜಧನ ರದ್ದಾಯಿತು. ಮೆಟ್ಟಿಲ ಮೇಲಿನ ರಾಜನ ಪಟ್ಟಕ್ಕೆ ಮಾತ್ರ ಯಾವ ಕಾನೂನೂ ಅಡ್ಡ ಬರಲಿಲ್ಲ. ಅವನ ಪಟ್ಟ ಕಳೆದದ್ದು ಅಪಾರ್ಟ್‌ಮೆಂಟಿನಲ್ಲಿ ಟ್ರಂಕಿಡಲು ಜಾಗವಿಲ್ಲದೆ!

ಅಮ್ಮನಿಂದ ಮಗಳಿಗೆ

ಗೊಂಬೆ ಅಂಗಡಿಯಿಂದ ಬಂದರೂ ಮನೆಗೆ ಸೇರುತ್ತಿದ್ದುದು ಮದುವೆಯ ಮೂಲಕ. ತವರಿನವರು ಮದುಮಗಳ ಜೊತೆ ಪಾತ್ರೆ ಪಡಗದೊಂದಿಗೆ ಒಂದು ಜೋಡಿ ಪಟ್ಟದ ಗೊಂಬೆ ಕೊಟ್ಟು ಕಳಿಸುತ್ತಿದ್ದರು. ಹೊಸ ಮನೆಯಲ್ಲಿ ಮೊದಲ ನವರಾತ್ರಿಗೆ ಆಕೆ ಕೂರಿಸುವುದು ಅದನ್ನೇ. ಬಾಲ್ಯವಿವಾಹದ ಕಾಲದಲ್ಲಿ ಮದುಮಗಳೇ ಎಂಟು ಹತ್ತು ವರ್ಷದ ಹುಡುಗಿ. ಅತ್ತೆ ಮನೆಯ ಹೊಸ ಮುಖಗಳ ನಡುವೆ ಆ ಮಗುವಿಗೆ ಪರಿಚಯದ ಮುಖ ಅಂದರೆ ಈ ಎರಡು ಮರದ ಮುಖಗಳೇ. ಒಡವೆ ಅಡವಿಗೆ ಹೋಗಬಹುದು, ಜಮೀನು ಗಂಡುಮಕ್ಕಳ ಪಾಲಾಗಬಹುದು. ಗೊಂಬೆ ಮಾತ್ರ ಅಮ್ಮನಿಂದ ಮಗಳಿಗೆ ಹೋಗುವ ಆಸ್ತಿ.

ವರ್ಷದ ಮಿಕ್ಕ ದಿನಗಳಲ್ಲಿ ಅದು ಆಟದ ಸಾಮಾನು. ಗೊಂಬೆ ಮದುವೆ ಅಂದರೆ ಬೇಸಿಗೆ ರಜೆಯ ದೊಡ್ಡ ಕಾರ್ಯಕ್ರಮ. ಬೀದಿಯ ಹುಡುಗಿಯರು ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಪಾಲಾಗುತ್ತಿದ್ದರು. ದರ್ಜಿಯಿಂದ ತಂದ ಚೂರು ಬಟ್ಟೆಯಲ್ಲಿ ಪೇಟ, ಸೀರೆ. ಅವಲಕ್ಕಿ ಬೆಲ್ಲದ ಊಟ. ಬೀಗರ ಉಪಚಾರದಲ್ಲಿ ಕೊರತೆಯಾಯಿತು ಅಂತ ಜಗಳ ಕೂಡ ನಡೆಯುತ್ತಿತ್ತು! ಹಲ್ಲು ಬರುವ ಕೂಸು ಕೈಗೆ ಸಿಕ್ಕರೆ ಕಚ್ಚುತ್ತಿತ್ತು. ರಕ್ತಚಂದನ ಮೈಗೆ ಒಳ್ಳೇದು ಎಂಬ ನಂಬಿಕೆಯಿಂದ ಹಿರಿಯರು ಬೇಡವೆನ್ನುತ್ತಿರಲಿಲ್ಲ. ಅನೇಕ ಹಳೇ ಗೊಂಬೆಗಳ ಮೂಗು ಸವೆದಿರುವುದು ಹೀಗೆ.

ಗಂಧವೂ ಅಲ್ಲ, ಸೌದೆಯೂ ಅಲ್ಲ

ಒಳ್ಳೆಯ ಪಟ್ಟದ ಗೊಂಬೆ ಎಂದರೆ ರಕ್ತಚಂದನದ್ದು. ಬೇರೆ ಮರದವೂ ಬೇಕಾದಷ್ಟಿವೆ. ಹೆಸರಿನಲ್ಲಿ ಚಂದನ ಇದೆಯೆಂದು ಅನೇಕರು ಮೂಸಿ ನೋಡಿ, "ವಾಸನೇನೇ ಇಲ್ಲ, ಡೂಪ್ಲಿಕೇಟು" ಅಂದುಬಿಡುತ್ತಾರೆ. ರಕ್ತಚಂದನಕ್ಕೆ ಶ್ರೀಗಂಧದ ಪರಿಮಳ ಇರುವುದೇ ಇಲ್ಲ. ಎರಡೂ ಸಂಬಂಧಿಕರೂ ಅಲ್ಲ. ಸಕ್ಕರೆ ಕಾಯಿಲೆಯವರು ನೀರು ಕುಡಿಯಲು ಕೊಂಡೊಯ್ಯುವ ಮರದ ಲೋಟ ಇದೆಯಲ್ಲ, ಆ ಹೊನ್ನೆ ಮರವೇ ರಕ್ತಚಂದನದ ದಾಯಾದಿ.

ಈ ಮರ ಕಾಡಿನಲ್ಲಿ ತಾನಾಗಿ ಬೆಳೆಯುವ ಜಾಗ ಪ್ರಪಂಚದಲ್ಲಿ ಬಹಳ ಚಿಕ್ಕದು. ಮುಖ್ಯವಾಗಿ ಆಂಧ್ರದ ದಕ್ಷಿಣ ಭಾಗದ ಶೇಷಾಚಲ, ವೆಲಿಗೊಂಡ, ಪಾಲಕೊಂಡ ಮುಂತಾದ ಬೆಟ್ಟಸಾಲು. ತಿರುಪತಿ ಇರುವುದು ಆ ಶೇಷಾಚಲದಲ್ಲೇ. ಮರ ಹತ್ತಿರ, ಕೆತ್ತುವವರು ಹತ್ತಿರ, ಯಾತ್ರಿಕರು ಲಕ್ಷಗಟ್ಟಲೆ. ಹೀಗಾಗಿ ತಿಮ್ಮಪ್ಪನ ದರ್ಶನಕ್ಕೆ ಹೋದವರ ಚೀಲದಲ್ಲಿ ಲಾಡು ಜೊತೆ ಒಂದು ಜೋಡಿ ಗೊಂಬೆಯೂ ಮನೆಗೆ ಬರುತ್ತಿತ್ತು. ತಮಿಳರು ಇದನ್ನು ಮರಪಾಚಿ ಅನ್ನುತ್ತಾರೆ.

ಮರ ಬೆಳೆಯುವುದು ಬಲು ನಿಧಾನ. ಒಳಗಿನ ಕೆಂಪು ತಿರುಳು ಕೂಡಲು ದಶಕಗಳೇ ಬೇಕು. ಆ ತಿರುಳು ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಹೊರದೇಶಗಳಿಂದ ಬೇಡಿಕೆ ಹೆಚ್ಚಿತು. ಚೀನಾದಲ್ಲಿ ಪೀಠೋಪಕರಣಕ್ಕೆ ಬೇಕು, ಜಪಾನಿನಲ್ಲಿ ಶಾಮಿಸೆನ್ ಎಂಬ ತಂತಿವಾದ್ಯಕ್ಕೆ ಬೇಕು. ಬೇಡಿಕೆಯ ಹಿಂದೆ ಕಳ್ಳಸಾಗಣೆ ಬಂತು. 1995ರಲ್ಲಿ ಈ ಮರವನ್ನು ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಲಾಯಿತು. ಆದರೂ ಕೊಡಲಿ ನಿಲ್ಲಲಿಲ್ಲ. 2015ರ ಏಪ್ರಿಲ್ 7ರಂದು ಶೇಷಾಚಲದ ಕಾಡಿನಲ್ಲಿ ಪೊಲೀಸರ ಗುಂಡಿಗೆ 20 ಮಂದಿ ಸತ್ತರು. ಮರ ಕಡಿಯಲು ಬಂದವರು ಎಂದರು ಪೊಲೀಸರು. ಸತ್ತವರು ತಮಿಳುನಾಡಿನ ಬಡ ಕೂಲಿಗಳು. 2021ರಲ್ಲಿ ತೆರೆಕಂಡ 'ಪುಷ್ಪ' ಸಿನಿಮಾದ ಕಥೆ ಇದೇ ಮರದ ಕಳ್ಳಸಾಗಣೆಯದು.

ಅಜ್ಜಿಯ ಟ್ರಂಕಿನಲ್ಲಿ ಮಲಗಿರುವುದು ಅದೇ ಮರ! ಹಳೇ ಗೊಂಬೆಗೆ ಬೆಲೆ ಏರಿದ್ದಕ್ಕೆ ಇದೊಂದು ಕಾರಣ.

ಬೆಲೆ ಕಟ್ಟುವುದು ಹೇಗೆ?

ಚಿನ್ನಕ್ಕೆ ಇದ್ದ ಹಾಗೆ ಹಳೇ ಗೊಂಬೆಗೆ ದಿನದ ರೇಟು ಇಲ್ಲ. ಆದರೂ ತಿಳಿದವರು ಕೈಗೆತ್ತಿಕೊಂಡ ಕೂಡಲೇ ನೋಡುವ ಅಂಶಗಳು ಕೆಲವಿವೆ.

ಮೊದಲನೇದು ಜೋಡಿ. ರಾಜ ಒಬ್ಬನೇ, ರಾಣಿ ಒಬ್ಬಳೇ ಸಿಕ್ಕರೆ ಬೆಲೆ ಅರ್ಧವಲ್ಲ, ಅದಕ್ಕೂ ಕಡಿಮೆ. ಒಂದೇ ಕೈ ಕೆತ್ತಿದ, ಒಂದೇ ಅಳತೆಯ, ಒಟ್ಟಿಗೇ ಹಳತಾದ ಜೋಡಿಗೇ ಮರ್ಯಾದೆ. ಅಕ್ಕತಂಗಿಯರು ಆಸ್ತಿ ಪಾಲು ಮಾಡುವಾಗ "ನನಗೆ ರಾಜ, ನಿನಗೆ ರಾಣಿ" ಅಂದರೆ ಇಬ್ಬರಿಗೂ ಲುಕ್ಸಾನು.

ಎರಡನೇದು ಮರ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ ಇರಬೇಕು. ಒದ್ದೆ ಬಿಳಿ ಬಟ್ಟೆಯ ಮೂಲೆಯಿಂದ ಬುಡವನ್ನು ಒರೆಸಿದಾಗ ಕೆಂಪು ಧಾರಾಳವಾಗಿ ಬಿಟ್ಟುಕೊಂಡರೆ ಬಣ್ಣ ಬಳಿದದ್ದೆಂಬ ಅನುಮಾನ ಪಡಬೇಕು. ಅಸಲಿ ರಕ್ತಚಂದನದ ಕೆಂಪು ನೀರಿನಲ್ಲಿ ಸುಲಭವಾಗಿ ಕರಗುವ ಜಾತಿಯಲ್ಲ.

ಮೂರನೇದು ಕೆತ್ತನೆ. ಹಳೇ ಕೆಲಸದಲ್ಲಿ ಗೊಂಬೆ ಒಂದೇ ತುಂಡಿನದು. ತೋಳು ಮೈಗೆ ಅಂಟಿಕೊಂಡಿರುತ್ತದೆ, ನಿಲ್ಲಲು ಬುಡದಲ್ಲಿ ಪೀಠ ಇರುತ್ತದೆ. ಜಡೆ, ಪೇಟ, ಒಡವೆಯ ಗೀರುಗಳಲ್ಲಿ ಉಳಿಯ ಗುರುತು ಕಾಣುತ್ತದೆ.

ನಾಲ್ಕನೇದು ಸವೆತ. ಇಲ್ಲೇ ನಮ್ಮ ಗೊಂಬೆಗೂ ಹೊರದೇಶದ ಗೊಂಬೆಗೂ ವ್ಯತ್ಯಾಸ. 1959ರಲ್ಲಿ ಅಮೆರಿಕದಲ್ಲಿ 3 ಡಾಲರಿಗೆ ಮಾರಿದ ಮೊದಲ ಬಾರ್ಬಿ ಗೊಂಬೆ ಈಗ ಸಾವಿರಾರು ಡಾಲರಿಗೆ ಹೋಗಬೇಕಾದರೆ ಅದು ಡಬ್ಬಿಯ ಸಮೇತ ಇರಬೇಕು, ಮಗುವಿನ ಕೈ ತಾಗದ ಹಾಗೆ ಹೊಸದಾಗಿರಬೇಕು. ಪಟ್ಟದ ಗೊಂಬೆಗೆ ಉಲ್ಟಾ. ಕೈ ತಾಗಿ ನುಣುಪಾದ ಕೆನ್ನೆ, ಕುಂಕುಮ ಕೂತ ಹಣೆ, ಸವೆದ ಮೂಗು ಇವೇ ಅದರ ಸರ್ಟಿಫಿಕೇಟು.

ಐದನೇದು ಕಥೆ. ಯಾರ ಮದುವೆಗೆ ಬಂತು, ಯಾವ ಊರಿಂದ ಬಂತು, ಯಾವ ವರ್ಷ? ಗೊಂಬೆಯ ಜೊತೆ ಹಳೇ ಫೋಟೋ ಒಂದಿದ್ದರೆ ಕೇಳುವುದೇ ಬೇಡ. ಕಥೆ ಗೊತ್ತಿಲ್ಲದ ಗೊಂಬೆಗೆ ಅಂಗಡಿಯವನು ತಾನೇ ಒಂದು ಕಥೆ ಕಟ್ಟುತ್ತಾನೆ. ಹೊಗೆ ಹಿಡಿಸಿ, ಎಣ್ಣೆ ಸವರಿ, "ಅರಮನೆ ಗೊಂಬೆ ಸಾರ್" ಅಂದುಬಿಟ್ಟರೆ ಗಿರಾಕಿ ಬೀಳುತ್ತಾನೆ. ಅಷ್ಟೊಂದು ಗೊಂಬೆ ಅರಮನೆಯಿಂದ ಹೊರಗೆ ಬಂದಿದ್ದರೆ ಒಳಗಿನ ಗೊಂಬೆ ತೊಟ್ಟಿ ಖಾಲಿಯಾಗಬೇಕಿತ್ತು! 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಈಗಿನ ಅರಮನೆಯಲ್ಲಿ ಗೊಂಬೆ ತೊಟ್ಟಿ ಹಾಗೇ ಇದೆ. ಟಿಕೆಟ್ಟು ಕೊಂಡವರೆಲ್ಲ ಹಳೇ ಗೊಂಬೆಗಳನ್ನು ನೋಡಬಹುದು. ಕೊಳ್ಳುವ ಮುಂಚೆ ಅಲ್ಲಿಗೊಮ್ಮೆ ಹೋಗಿ ಕಣ್ಣು ಪಳಗಿಸಿಕೊಳ್ಳುವುದು ಜಾಣತನ.

ಮಾಡಬಾರದ ಕೆಲಸಗಳು

ಕಪ್ಪಾಯಿತು ಅಂತ ಉಪ್ಪುಕಾಗದ ಹಾಕಿ ಉಜ್ಜುವವರಿದ್ದಾರೆ. ರಕ್ತಚಂದನ ಹಳತಾದಂತೆ ಕಪ್ಪಾಗುವುದು ಸಹಜ ಗುಣ. ಉಜ್ಜಿದರೆ ನೂರು ವರ್ಷ ಐದು ನಿಮಿಷದಲ್ಲಿ ಹೋಯಿತು. ಎನಾಮಲ್ ಪೇಂಟು ಬಳಿಯುವುದು, ವಾರ್ನಿಶ್ ಹೊಡೆಯುವುದು, ಮುರಿದ ಕೈಗೆ ಮೊಳೆ ಹೊಡೆಯುವುದು ಎಲ್ಲವೂ ಬೆಲೆಗೆ ಏಟು. ಹಳೇ ರೇಷ್ಮೆ ಬಟ್ಟೆ, ಜರಿ ಇದ್ದರೆ ಒಗೆಯಬೇಡಿ, ಎಳೆ ಬಿಟ್ಟುಕೊಳ್ಳುತ್ತದೆ. ಒಣಬಟ್ಟೆಯಲ್ಲಿ ಧೂಳೊರೆಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನ ಸೊಪ್ಪಿನ ಜೊತೆ ಇಟ್ಟರೆ ಸಾಕು. ಅಜ್ಜಿಯಂದಿರು ಮಾಡಿದ್ದೂ ಅಷ್ಟೇ.

ಇನ್ನೊಂದು ಮಾತು ಮಗಳು ಹೊರದೇಶದಲ್ಲಿರುವ ಮನೆಯವರಿಗೆ. "ಸೂಟ್‌ಕೇಸಿನಲ್ಲಿ ಒಂದು ಮೂಲೇಲಿ ಇಟ್ಕೊಂಡು ಹೋಗಮ್ಮ" ಅಂತ ಕೊಟ್ಟು ಕಳಿಸುವ ಮೊದಲು ವಿಚಾರಿಸಬೇಕು. ಮರ ರಕ್ತಚಂದನವಾದ್ದರಿಂದ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ತಡೆಯಬಹುದು. ನೂರು ವರ್ಷ ದಾಟಿದ ಕಲಾವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯಿದೆಯೂ ಅಡ್ಡ ಬರುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಿಂದ ಆಚೆ ಒಯ್ಯುವಂತಿಲ್ಲ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. ಹಳೇ ಸಾಮಾನಿನ ಅಂಗಡಿಯವರಿಗೂ ಈ ಮಾತು ಅನ್ವಯಿಸುತ್ತದೆ.

ಒಂದು ಚೀಟಿ ಸಾಕು

ಹಾಗಾದರೆ ಮಾರಲೇಬಾರದೇ? ಕಷ್ಟ ಬಂದಾಗ ಮನೆಯನ್ನೇ ಮಾರುತ್ತಾರೆ, ಗೊಂಬೆಯದೇನು ದೊಡ್ಡ ಮಾತು? ಮಾರುವುದಾದರೆ ಏನು ಮಾರುತ್ತಿದ್ದೇವೆಂದು ತಿಳಿದು ಮಾರಲಿ, ಜೋಡಿಯಾಗಿ ಮಾರಲಿ, ಇಬ್ಬರು ಮೂವರನ್ನು ಕೇಳಿ ಮಾರಲಿ. ಇಟ್ಟುಕೊಳ್ಳುವುದಾದರೆ ಮನೆಯ ಹಿರಿಯರು ಇರುವಾಗಲೇ ಕೇಳಿ ಒಂದು ಚೀಟಿ ಬರೆದು ಪೀಠದ ಕೆಳಗೆ ಇಡಲಿ. ಇಂಥ ಅಜ್ಜಿಯ ಮದುವೆಗೆ, ಇಂಥ ಊರಿನಿಂದ, ಇಂಥ ವರ್ಷ ಬಂದದ್ದು ಅಂತ ಎರಡು ಸಾಲು. ಮರದ ಬೆಲೆ ಯಾರು ಬೇಕಾದರೂ ಕಟ್ಟಬಹುದು. ಆ ಎರಡು ಸಾಲನ್ನು ಮಾತ್ರ ಅಜ್ಜಿ ಹೋದ ಮೇಲೆ ಯಾವ ಅಂಗಡಿಯಲ್ಲೂ ಕೊಳ್ಳಲಾಗುವುದಿಲ್ಲ.

ಈ ಸಂಜೆ ಬಸ್ಸಿಳಿದು ಮನೆಗೆ ಹೋದವರು ಒಮ್ಮೆ ಅಟ್ಟದ ಕಡೆ ಕಣ್ಣು ಹಾಯಿಸಲಿ. ತಕ್ಕಡಿಯವನ ಕೂಗು ನಾಳೆ ಬೆಳಿಗ್ಗೆಯೇ ಬೀದಿಯಲ್ಲಿ ಕೇಳಬಹುದು!