ಅಫಾಕಿಗಳಾಗಿ ಬಂದರು, ದಖ್ಖನಿಗಳಾದರು

ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂದ 15ನೇ ಶತಮಾನದ ಮೊದಲ ಭಾಗದಿಂದ ಇರಾನಿನ ಆಡಳಿತಗಾರರು, ಕುಶಲಕರ್ಮಿಗಳು, ಸೂಫಿ ಮನೆತನಗಳು ಇಲ್ಲಿ ಬಂದು ನೆಲೆಸಿದವು. ಹೀಗೆ ಹೊಸದಾಗಿ ಬಂದವರನ್ನು ಅಫಾಕಿಗಳೆಂದೂ, ತಲೆಮಾರುಗಳ ಹಿಂದೆಯೇ ಬಂದು ಇಲ್ಲಿಯವರಾಗಿದ್ದವರನ್ನು ದಖ್ಖನಿಗಳೆಂದೂ ಕರೆಯುತ್ತಿದ್ದರು. ಈ ಎರಡು ಬಣಗಳ ಹಗೆಗೆ ಇರಾನಿನ ಗಿಲಾನಿನಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗಾವಾನ್ 1481ರಲ್ಲಿ ಬಲಿಯಾದದ್ದು ಎಲ್ಲರೂ ಬಲ್ಲ ಕಥೆ. ಹಗೆಯ ಈ ಪುಟದಲ್ಲೇ ನಿಂತವರಿಗೆ ಬೀದರಿನ ಮಗ್ಗುಲಲ್ಲೇ ಇರುವ ಅಷ್ಟೂರು ಬೇರೆಯದನ್ನೇ ತೋರಿಸುತ್ತದೆ.

1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಅಲ್ಲಿನ ಗೋರಿಯೊಳಗೆ ಕತ್ತಲು. ಬಾಗಿಲ ಬಿಸಿಲನ್ನು ಕನ್ನಡಿಯಿಂದ ಒಳಕ್ಕೆ ಹಾಯಿಸಿದಾಗ ಮಾತ್ರ ಗುಮ್ಮಟದ ಕೆಂಪು, ನೀಲಿ, ಬಂಗಾರದ ಅಕ್ಷರಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ, ಮತ್ತು ಆ ಅಕ್ಷರಗಳಲ್ಲಿ ಕಿರ್ಮಾನ್ ಬಳಿಯ ಮಾಹಾನ್‌ನ ಸೂಫಿ ಷಾ ನೇಮತುಲ್ಲಾನ ಗುರುಪರಂಪರೆಯೂ ಇದೆ. ಸುಲ್ತಾನನ ಕರೆಗೆ ಆ ಸೂಫಿ ತಾನು ಬರದೆ ಮೊಮ್ಮಗ ನೂರುಲ್ಲಾನನ್ನು ಕಳುಹಿಸಿದ. ಮೊಮ್ಮಗ ಅರಮನೆಯ ಅಳಿಯನಾದ. 1431ರಲ್ಲಿ ನೇಮತುಲ್ಲಾ ತೀರಿದ ಮೇಲೆ ಅವನ ಮಗ ಖಲೀಲುಲ್ಲಾನೂ ಬೀದರಿಗೆ ಬಂದ. ಅವನ ಸಮಾಧಿಯೇ ಅಷ್ಟೂರಿನ ದಾರಿಯಲ್ಲಿರುವ ಎಂಟು ಮೂಲೆಯ ಚೌಖಂಡಿ.

ಇಲ್ಲಿಂದ ಮುಂದಿನದು ಅಚ್ಚರಿಯ ಮಾತು. ಇರಾನಿನಲ್ಲಿ ಹುಟ್ಟಿದ ನೇಮತುಲ್ಲಾನ ಪಂಥದ ಗುರುಪೀಠ ಮೂರು ಶತಮಾನ ದಖ್ಖನ್ನಿನಲ್ಲೇ ಉಳಿಯಿತು. 18ನೇ ಶತಮಾನದ ಕೊನೆಯ ಭಾಗದಲ್ಲಿ ಅದು ತವರಿನಲ್ಲಿ ಮತ್ತೆ ಚಿಗುರಿದ್ದು ಹೈದರಾಬಾದಿನಿಂದ ಹೋದ ಮಾಸೂಮ್ ಅಲಿ ಷಾನಿಂದ, ಮತ್ತು ಇರಾನಿನವರು ಅವನನ್ನು ಗುರುತಿಸಿದ್ದು 'ದಖ್ಖನಿ' ಎಂಬ ಅಡ್ಡಹೆಸರಿನಿಂದ. ಬೀದರಿನಲ್ಲಿ ಅಫಾಕಿಗೆ ಎದುರಾಳಿಯನ್ನು ಸೂಚಿಸುತ್ತಿದ್ದ ಹೆಸರೇ ಅಫಾಕಿಗಳು ಕಟ್ಟಿದ ಪೀಠದ ಗುರುತಾದದ್ದಕ್ಕಿಂತ ದೊಡ್ಡ ಸಾಕ್ಷಿ ಬೆರೆಯುವಿಕೆಗೆ ಬೇಕಿಲ್ಲ.

ಬೆರೆಯುವುದು ಬಂದವರ ಕೆಲಸವಷ್ಟೇ ಅಲ್ಲ, ನೆಲದವರೂ ಬದಲಾಗುತ್ತಾರೆ. ಭಾಲ್ಕಿ, ಔರಾದಗಳ ರೈತರ ಬಾಯಲ್ಲಿರುವ ಜಮೀನು, ಫಸಲು, ದವಾಖಾನಿ ಎಲ್ಲವೂ ಪಾರಸಿಯ ದಾರಿಯಿಂದ ಬಂದವು, ಇಂದು ಯಾರಿಗೂ ಪರಕೀಯವೆನಿಸುವುದಿಲ್ಲ. ಅಷ್ಟೂರಿನಲ್ಲಿ ಇದು ಇನ್ನೂ ಆಳಕ್ಕೆ ಇಳಿದಿದೆ. ಇರಾನಿನ ಸೂಫಿಗೆ ಶಿಷ್ಯನಾದ ಸುಲ್ತಾನನನ್ನು ಭಕ್ತರು ಅಲ್ಲಮಪ್ರಭು ಎಂದು ನಂಬುತ್ತಾರೆ. ಉರುಸಿಗೆ, ಅಂದರೆ ಸಂತನ ಪುಣ್ಯತಿಥಿಯ ಜಾತ್ರೆಗೆ, ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಬಂದು ಶಂಖ ಊದಿ, ಕಾಯಿ ಒಡೆದು, ಹೂ ಏರಿಸುತ್ತಾರೆ. ಆ ಉರುಸಿನ ದಿನ ಗೊತ್ತಾಗುವುದು ಹಿಜರಿ ತಿಂಗಳಿನಿಂದಲ್ಲ, ಹಿಂದೂ ಪಂಚಾಂಗದಿಂದ.