ಶಾಸನದ ಪಟ್ಟಿಯೂ ಹುಡುಕುವ ಸೂತ್ರವೂ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಶಾಸನಗಳು ರೈಸ್ ಸಾಹೇಬರ 'ಎಪಿಗ್ರಾಫಿಯ ಕರ್ನಾಟಿಕ'ದ ಆರನೆಯ ಸಂಪುಟದಲ್ಲಿ 1901ರಲ್ಲಿ ಅಚ್ಚಾದುವೆಂಬುದನ್ನು ವಾಚಕರಲ್ಲಿ ಹಲವರು ಬಲ್ಲಿರಿ. ಅವುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವಾಗ ಒಂದೊಂದು ಶಾಸನದ ನೆತ್ತಿಗೂ ಇಂಥದೊಂದು ಚೀಟಿ ಅಂಟಿಸಬಹುದು:

<ಶಾಸನ ತಾಲ್ಲೂಕು="ತರೀಕೆರೆ" ಊರು="ಅಮೃತಾಪುರ" ಕವಿ="ಜನ್ನ">

ಈ ಚೀಟಿಗೆ ಟ್ಯಾಗ್ ಎಂದು ಹೆಸರು. ಸಮಚಿಹ್ನೆಯ ಎಡಕ್ಕೆ ಇರುವುದು ಗುಣದ ಹೆಸರು; ಬಲಕ್ಕೆ, ಉದ್ಧರಣ ಚಿಹ್ನೆಗಳ ನಡುವೆ, ಅದರ ಬೆಲೆ. ನೂರಾರು ಚೀಟಿಗಳಿಂದ ತಾಲ್ಲೂಕನ್ನಷ್ಟೇ ಹೆಕ್ಕಿಕೊಡುವ ಸೂತ್ರವೇ 'ರೆಗ್ಯುಲರ್ ಎಕ್ಸ್‌ಪ್ರೆಷನ್'. ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ 1956ರಲ್ಲಿ ಪ್ರಕಟಿಸಿದ ಲೇಖನ ಇದರ ತಳಹದಿ. 1968ರಲ್ಲಿ ಕೆನ್ ಥಾಮ್ಸನ್ ಅದನ್ನು ಬರಹ ಶೋಧಿಸುವ ಕೆಲಸಕ್ಕೆ ಹೂಡಿದನು. ವ್ಯಾಕರಣಸೂತ್ರ ಉರು ಹೊಡೆದವರಿಗೆ ಇದೇನೂ ಅಪರಿಚಿತವೆನಿಸದು.

ಮೊದಲು ತೋಚುವ ಸೂತ್ರ ಇದು: ತಾಲ್ಲೂಕು="(.*)". ಚುಕ್ಕಿಯೆಂದರೆ ಯಾವುದಾದರೊಂದು ಅಕ್ಷರ. ನಕ್ಷತ್ರವೆಂದರೆ ಎಷ್ಟು ಸಲವಾದರೂ. ಆದರೆ ಈ ನಕ್ಷತ್ರ ಮಹಾ ಹೊಟ್ಟೆಬಾಕ! ಸಾಲಿನ ಕಟ್ಟಕಡೆಯ ಉದ್ಧರಣ ಚಿಹ್ನೆಯವರೆಗೂ ನುಂಗಿಬಿಡುತ್ತದೆ. ತರೀಕೆರೆಯೊಡನೆ ಅಮೃತಾಪುರವೂ ಹೋಯಿತು, ಜನ್ನನೂ ಹೋದನು. ಆದ್ದರಿಂದ ಎಲ್ಲಿ ನಿಲ್ಲಬೇಕೆಂಬುದನ್ನು ಹೇಳಿಕೊಡಬೇಕು: ತಾಲ್ಲೂಕು="([^"]*)". ಚೌಕ ಆವರಣದ ಅರ್ಥ, 'ಉದ್ಧರಣ ಚಿಹ್ನೆಯಲ್ಲದ ಅಕ್ಷರ'. ಈಗ ತರೀಕೆರೆ ಮಾತ್ರ ಕೈಗೆ ಬರುತ್ತದೆ.

ಅಜ್ಜಂಪುರದ ಚೀಟಿಗಳಲ್ಲಿ ಬೇರೊಂದು ತೊಡಕು. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು. ಹಳೆ-ತಾಲ್ಲೂಕು="ತರೀಕೆರೆ" ಎಂದು ಚೀಟಿಯಲ್ಲಿ ಇನ್ನೊಂದು ಗುಣ ಬರೆದಿದ್ದರೆ, ನಮ್ಮ ಸೂತ್ರ ಅದರ ಬಾಲವನ್ನೂ ಹಿಡಿಯುತ್ತದೆ. 'ತಾಲ್ಲೂಕು' ಶಬ್ದದ ಹಿಂದೆ ತೆರಪಿರಬೇಕೆಂದು ಸೂತ್ರಕ್ಕೆ ಸೇರಿಸಿದರೆ ಆಯಿತು. ಟ್ಯಾಗುಗಳು ಒಂದರೊಳಗೊಂದು ಹೊಕ್ಕ ಬರಹಕ್ಕಾದರೋ ಸೂತ್ರವನ್ನು ನೆಚ್ಚಬಾರದು. ಅದಕ್ಕೆ ಪಾರ್ಸರ್ ಎಂಬ ಬೇರೆ ಸಾಧನವಿದೆ.

ಇನ್ನು ಕನ್ನಡಕ್ಕೇ ವಿಶಿಷ್ಟವಾದದ್ದನ್ನು ಕೇಳಿ. 'ತರೀಕೆರೆ' ಎಂಬಲ್ಲಿನ 'ರೀ'ಯನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಗುಡಿಸಿನ ದೀರ್ಘವನ್ನು ಒಂದೇ ಸಂಕೇತವಾಗಿ, ಇಲ್ಲವೆ ಗುಡಿಸು ಬೇರೆ, ದೀರ್ಘ ಬೇರೆಯಾಗಿ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಕಡೂರಿಗೂ ಅಜ್ಜಂಪುರಕ್ಕೂ ಈ ಕಾಟವಿಲ್ಲ. ತರೀಕೆರೆಯ ಶಾಸನಗಳೋ, ಪಟ್ಟಿಯಲ್ಲಿದ್ದೂ ಇಲ್ಲವೆನಿಸಿಕೊಂಡಾವು. ಅದಕ್ಕಾಗಿ ಹುಡುಕುವ ಮುನ್ನ ಪಟ್ಟಿಯನ್ನೂ ಹುಡುಕುವ ಶಬ್ದವನ್ನೂ 'ನಾರ್ಮಲೈಸೇಷನ್' ಎಂಬ ಕ್ರಮದಿಂದ ಒಂದೇ ರೂಪಕ್ಕೆ ತಂದುಕೊಳ್ಳಿ.